‘ಹೋಗಿಲ್ಲರಿ, ಒಯ್ದಾರ’: ಸೀಮಾ ತಿದ್ದಿದ ಪ್ರಶ್ನೆ

ಬೆಳಕು ಇನ್ನೂ ಕಬ್ಬಿನ ಗರಿಗಳ ಮೇಲೆ ಬಿದ್ದಿಲ್ಲ. ರಾಯಬಾಗದ ಹೊರಗಿನ ಹರಣಶಿಕಾರಿ ಕಾಲೊನಿಯಲ್ಲಿ ಸೀಮಾ ಒಲೆಯಿಂದ ಒಲೆಗೆ ನಡೆಯುತ್ತಿದ್ದಾರೆ. ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ಬಂದರೆ ಅರ್ಧ ಕಾಲೊನಿ ಖಾಲಿ. ಉಳಿದವರು ಬಾಚಣಿಕೆ, ಪ್ಲಾಸ್ಟಿಕ್ ಡಬ್ಬಿ ಹೊತ್ತು ಊರೂರಿಗೆ ಹೊರಡುತ್ತಾರೆ. ಅಷ್ಟರೊಳಗೆ ಆಕೆಗೆ ಉತ್ತರ ಬೇಕು.

“ಕೆಂಚವ್ವಾಯಿ, ಹೋದ ಸುಗ್ಗಿಯಿಂದ ಈಚೆ ನಿಮ್ಮ ಮನ್ಯಾಗ ಯಾರನ್ನರ ಪೊಲೀಸರು ಒಯ್ದಾರೇನು?”

ರೊಟ್ಟಿ ತಟ್ಟುತ್ತಿರುವ ಮುದುಕಿ ತಲೆ ಎತ್ತುವುದಿಲ್ಲ. “ಒಯ್ಯದ ಮನಿ ಯಾವುದೈತಿ ಅಂತ ಕೇಳಬೇ. ಲಗೂನ ಮುಗೀತೈತಿ ನಿನ್ನ ಕೆಲಸ.”

ಪಕ್ಕದ ಒಲೆಯವರು ನಗುತ್ತಾರೆ. ಸೀಮಾ ಬಿಡುವುದಿಲ್ಲ. “ಹಂಗಂದ್ರ ನಡಿಯಂಗಿಲ್ಲಾಯಿ. ಯಾರನ್ನ ಒಯ್ದ್ರು, ಯಾಕ ಒಯ್ದ್ರು, ಎಷ್ಟೊತ್ತು ಕುಂಡ್ರಿಸಿದ್ರು, ಹೇಳು.”

ಬ್ರಿಟಿಷರ ಕಾನೂನು ಇವರ ಅಜ್ಜಂದಿರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ಸ್ವಾತಂತ್ರ್ಯದ ನಂತರ ಆ ಕಾನೂನು ಹೋಯಿತು, ಗುಮಾನಿ ಹೋಗಲಿಲ್ಲ. ಎಲ್ಲೋ ಒಂದು ಪಂಪಿನ ಮೋಟಾರು ಕಳುವಾದರೂ ಜೀಪು ಮೊದಲು ಇಂಥ ಕಾಲೊನಿಗಳ ಕಡೆಗೇ ತಿರುಗುತ್ತದೆ. ಸೀಮಾ ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದವರು. ಅವರ ತಾಯಿ ಕೂದಲಿಗೆ ಬದಲಾಗಿ ಪಾತ್ರೆ ಕೊಡುತ್ತ ತಿರುಗಿದವರು. ಪತಿ ದುಂಡೇಶ ಕಬ್ಬು ಕಡಿಯುತ್ತಾರೆ. ಕಳೆದ ವರ್ಷ ಗಡಿಯ ಒಂದು ಠಾಣೆಯವರು ಅವರನ್ನು ಸಂತೆಯಿಂದಲೇ ಕರೆದೊಯ್ದರು. ರಾಯಬಾಗದ ಉಚಿತ ಕಾನೂನು ನೆರವಿನ ‘ಮೇಜಿ’ನಿಂದ, ಅಂದರೆ ಪುಟ್ಟ ಸಹಾಯ ಕೇಂದ್ರದಿಂದ, ವಕೀಲರೊಬ್ಬರು ಹೋಗಿ, ಬಂಧಿಸಿದ್ದಕ್ಕೆ ಕಾಗದ ಎಲ್ಲಿದೆ ಎಂದು ಕೇಳಿದ ಮೇಲೆ ಬಿಟ್ಟರು.

“ನಾ ಏನೂ ಮಾತಾಡಲಿಲ್ಲರಿ,” ಎನ್ನುತ್ತಾರೆ ದುಂಡೇಶ. “ಸಾಹೇಬ್ರಗ ಸಾಹೇಬ್ರ ಭಾಷಾ ತಿಳೀತೈತಿ. ನಮ್ಮ ಭಾಷಾದಾಗ ಬರೇ ಹೊಡತ ಅದಾವ.”

ಆ ಮೇಜನ್ನು ಸರ್ಕಾರ ಪ್ರಯೋಗವೆಂದು ಶುರು ಮಾಡಿತ್ತು. ಉಳಿಸಬೇಕೋ ಮುಚ್ಚಬೇಕೋ ಎಂದು ನಿರ್ಧರಿಸಲು ನಿಪ್ಪಾಣಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಪೂರ್ವ ಅವರಿಗೆ ಸಮೀಕ್ಷೆ ವಹಿಸಲಾಯಿತು. ಶೇಡಬಾಳದವರಾದ ಅವರು ಮೇಜು ಇರುವ ರಾಯಬಾಗದಲ್ಲೂ ಮೇಜಿಲ್ಲದ ಕೆಲವು ಕಾಲೊನಿಗಳಲ್ಲೂ ಮನೆಮನೆಗೆ ಹೋಗಿ ಕೇಳಲು ಸೀಮಾರನ್ನು ಜೊತೆಗೆ ಕರೆದುಕೊಂಡರು. ಮೇಲಿನಿಂದ ಬಂದ ಅಚ್ಚಾದ ಪ್ರಶ್ನೆ ಹೀಗಿತ್ತು: ‘ಕಳೆದ ಒಂದು ವರ್ಷದಲ್ಲಿ ಪೊಲೀಸ್ ಠಾಣೆಗೆ ಹೋಗಿದ್ದೀರಾ?’

ಹತ್ತರಲ್ಲಿ ಒಂಬತ್ತು ಮನೆಯವರು ಇಲ್ಲವೆಂದರು. ಠಾಣೆಯ ಸಹವಾಸವೇ ಇಲ್ಲದವರಿಗೆ ವಕೀಲರೇಕೆ ಎಂಬ ಮಾತು ಸರ್ಕಾರಿ ಕಚೇರಿಯಲ್ಲಿ ಎದ್ದಿತು. ಮೇಜು ಮುಚ್ಚುವುದು ಹೆಚ್ಚುಕಡಿಮೆ ಖಚಿತವಾಯಿತು.

ಗಂಟು ಬಿಚ್ಚಿದ್ದು ಕೆಂಚವ್ವನ ಬಾಯಿಂದ. ಮಗನ ಬೆನ್ನಿನ ಮೇಲೆ ಬಾಸುಂಡೆ ಕಾಣುತ್ತಿದ್ದರೂ ಆಕೆ ‘ಇಲ್ಲ’ ಎಂದಾಗ ಅಪೂರ್ವ ಮತ್ತೊಮ್ಮೆ ಕೇಳಿದ್ದರು. ಮುದುಕಿ ರೇಗಿದಳು: “ಹೋಗಾಕ ಅದೇನು ತವರಮನೀನಬೇ? ನಾವು ಹೋಗಿಲ್ಲ. ಒಯ್ದಾರ.”

ತಾನಾಗಿ ನಡೆದರೆ ಮಾತ್ರ ‘ಹೋಗುವುದು’. ಜೀಪಿನಲ್ಲಿ ತುಂಬಿದರೆ ಅದು ಬೇರೆ ಕ್ರಿಯಾಪದ. ಜನ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ್ದರು. ಅಳತೆಗೋಲೇ ಡೊಂಕಾಗಿದ್ದರೆ ಎಷ್ಟು ಸಲ ಅಳೆದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆ ಸಂಜೆ ಸೀಮಾ, ಅಪೂರ್ವ ಇಬ್ಬರೂ ಕುಳಿತು ಒಂದು ಪದ ಬದಲಿಸಿದರು: ‘ಹೋಗಿದ್ದೀರಾ’ ಇದ್ದಲ್ಲಿ ‘ಒಯ್ದಿದ್ದಾರಾ’ ಬಂತು. ಮತ್ತೆ ಮೊದಲ ಮನೆಯಿಂದ ಹೊರಟಾಗ ಅರ್ಧದಷ್ಟು ಮನೆಗಳ ಉತ್ತರ ‘ಹೌದು’ ಎಂದಾಯಿತು.

ಆದರೆ ಹೊಸ ಅಂಕಿಗಳು ಇನ್ನೊಂದು ಕಹಿಯನ್ನೂ ಹೇಳಿದವು. ಮೇಜು ಇರುವ ಕಡೆ, ಪೊಲೀಸರು ಒಯ್ದ ಜನರಲ್ಲಿ ಹೆಚ್ಚಿನವರು ಅದೇ ದಿನ ಮನೆಗೆ ಮರಳಿದ್ದರು. ಮೇಜಿಲ್ಲದ ಕಡೆ ಹಾಗಿರಲಿಲ್ಲ. ಒಯ್ಯುವುದು ಮಾತ್ರ ಎರಡೂ ಕಡೆ ಅಷ್ಟೇ ಇತ್ತು. ಇದನ್ನು ಬರೆದರೆ ‘ಉಪಯೋಗವಿಲ್ಲ’ ಎಂದು ಮುಚ್ಚಲು ನೆಪ ಸಿಗುತ್ತದೆ ಎಂದು ಅಪೂರ್ವ ಅಳುಕಿದರು. ಕಾಲೊನಿಯವರೂ ಅದೊಂದನ್ನು ಬಿಟ್ಟುಬಿಡು ಎಂದರು. ಸೀಮಾ ಒಪ್ಪಲಿಲ್ಲ.

“ನಮ್ಮ ಮ್ಯಾಲೆ ಸುಳ್ಳ ಕೇಸ ಹಾಕ್ತಾರಂತ ಬಾಯಿ ಮಾಡ್ತೀವಿ. ನಾವು ಸುಳ್ಳ ಲೆಕ್ಕಾ ಕೊಡೂಣೇನು? ಇದ್ದದ್ದ ಇದ್ದಂಗ ಬರೀರಿ ಅಂದೆ. ಮುಚ್ಚಿದ್ರ ಖರೇ ಹೇಳಿದ್ದಕ್ಕ ಮುಚ್ಚಲಿ.”

ಚಿಕ್ಕೋಡಿಯ ಸಭೆಯಲ್ಲಿ ಅಧಿಕಾರಿಯೊಬ್ಬರು ವರದಿ ತಿರುವಿ ಹಾಕಿ, “ನಿಮ್ಮವರ ಹತ್ರ ನಿಮ್ಮವರೇ ಕೇಳಿದ್ದು. ಇದನ್ನ ಹೇಗೆ ನಂಬೋದಮ್ಮ?” ಎಂದರಂತೆ. ಸೀಮಾ ನಿಂತಲ್ಲಿಂದಲೇ ಹೇಳಿದರು: “ನಂಬಬ್ಯಾಡ್ರಿ ಸರ್. ಬ್ಯಾರೇದವರನ್ನ ಕಳಸ್ರಿ. ಪ್ರಶ್ನೆ ಅಷ್ಟ ಇದನ್ನ ಕೇಳಸ್ರಿ.”

ಕಳಿಸಿದರು. ನಿಪ್ಪಾಣಿಯ ವಿದ್ಯಾರ್ಥಿಗಳು ರಾಯಬಾಗದಲ್ಲಿ ಹೊಸದಾಗಿ ಕೇಳಿದರು. ಮೇಜಿಲ್ಲದ ಕೊಕಟನೂರಿನ ಕಡೆಯ ಗುಡಿಸಲುಗಳಲ್ಲೂ, ಕಾಗವಾಡದ ಬದಿಯಲ್ಲೂ ಕೇಳಿದರು. ಸೀಮಾ ಯಾವ ಮನೆಯ ಹತ್ತಿರವೂ ಸುಳಿಯಲಿಲ್ಲ. ಅಂಕಿಗಳು ಅಷ್ಟಿಷ್ಟು ಸರಿದವು, ತಿರುಳು ಬದಲಾಗಲಿಲ್ಲ. ಕಳೆದ ತಿಂಗಳು ಆದೇಶ ಬಂತು: ರಾಯಬಾಗದ ಮೇಜು ಉಳಿಯುತ್ತದೆ, ಅಥಣಿಯಲ್ಲಿ ಹೊಸದೊಂದು ಪ್ರಾರಂಭವಾಗುತ್ತದೆ. ಜೊತೆಗೊಂದು ಸಾಲೂ ಇದೆ: ಯಾರನ್ನೇ ಕರೆದೊಯ್ದರೂ ಅದರ ಕಾರಣವನ್ನು ಠಾಣೆ ಅಂದೇ ಮೇಜಿಗೆ ತಿಳಿಸಬೇಕು. ಒಯ್ಯುವುದು ಕಡಿಮೆಯಾಗಿಲ್ಲ ಎಂಬ ಆ ಕಹಿ ಅಂಕಿಯನ್ನೇ ಆಧಾರವಾಗಿಟ್ಟು ಬರೆದ ಸಾಲು ಅದು.

ಗೆದ್ದಿರಲ್ಲ ಎಂದರೆ ಸೀಮಾ ಇಲ್ಲವೆಂದು ತಲೆಯಾಡಿಸುತ್ತಾರೆ. ಟ್ರ್ಯಾಕ್ಟರಿನ ಹಾರ್ನ್ ಕೇಳಿ ಜನ ಕುಡಗೋಲು ಹಿಡಿದು ಏಳುತ್ತಿದ್ದಾರೆ. ಆಕೆಗೆ ಇನ್ನೂ ನಾಲ್ಕು ಮನೆ ಬಾಕಿ ಇವೆ.

“ಆದೇಶ ಕಾಗದದ ಮ್ಯಾಲೆ ಐತ್ರಿ. ಖರೇನ ತಿಳಸಾಕತ್ತಾರೇನು, ಇಲ್ಲೇನು, ವರ್ಷಾ ವರ್ಷಾ ಬಂದು ಕೇಳಾಕೀನ ನಾ,” ಎನ್ನುತ್ತ ಚಪ್ಪಲಿ ಮೆಟ್ಟುತ್ತಾರೆ. “ನಮ್ಮ ಅಜ್ಜನ ಕಾಲದಿಂದ ನಮ್ಮನ್ನ ತಪಾಸ ಮಾಡ್ಯಾರ. ಈಗ ಅವರ ಕೆಲಸಾನೂ ಒಂಚೂರು ತಪಾಸ ಆಗಲಿ.”