ಎರಡು ಸಲ ಬಂದ ಜಿಲೇಬಿ

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಅಹಮದಾಬಾದಿನಲ್ಲಿ ಪಿಎಚ್.ಡಿ. ಮಾಡುವಾಗ, ಈ ಗುಣವೇ ನನ್ನ ಮಾನ ಕಳೆಯಿತು.

ನಾನು ಅಭ್ಯಾಸ ಮಾಡುತ್ತಿದ್ದದ್ದು ಒಂದು ನ್ಯೂಟ್ರಾನ್ ನಕ್ಷತ್ರವನ್ನು. ಅದು ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆದು ನುಂಗುತ್ತದೆ. ಅನಿಲ ಬಿದ್ದ ಜಾಗ ಕಾದು ಎಕ್ಸ್-ರೇ ಸೂಸುತ್ತದೆ, ನಕ್ಷತ್ರ ಗಿರಗಿರ ತಿರುಗುವುದರಿಂದ ನಮಗೆ ಮಿಡಿತದಂತೆ ಕಾಣುತ್ತದೆ. ಉಪಗ್ರಹವೊಂದು ಹಿಡಿದ ಅಂಕಿಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. ಮಿಡಿತದಿಂದ ಮಿಡಿತಕ್ಕೆ ಎಷ್ಟು ಹೊತ್ತು ಎಂದು ಅವುಗಳಲ್ಲಿ ಹುಡುಕಬೇಕು, ಅಷ್ಟೇ. ತಿಂಗಳ ಕೊನೆಗೆ ಸಮಿತಿಯ ಮುಂದೆ ನನ್ನದೇ ಎನ್ನುವ ಒಂದು ಫಲಿತಾಂಶ ಇಡದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು.

ಒಂದು ಬೆಳಿಗ್ಗೆ ಸಿಕ್ಕೇಬಿಟ್ಟಿತು. ಮೂರು ತಿಂಗಳಲ್ಲಿ ಮಿಡಿತಗಳ ನಡುವಿನ ಅಂತರ ಚೂರುಚೂರೇ ಹಿಗ್ಗಿತ್ತು. ನಕ್ಷತ್ರ ತಿರುಗುವ ವೇಗ ಕುಗ್ಗುತ್ತಿದೆ ಎಂದಾಯಿತು. ನಮ್ಮ ವಿಭಾಗದಲ್ಲಿ ಮೊದಲ ಫಲಿತಾಂಶ ಬಂದವರು ಎಲ್ಲರಿಗೂ ಜಿಲೇಬಿ, ಜೊತೆಗೆ ಫಾಫ್ಡಾ ಎನ್ನುವ ಕಡಲೆಹಿಟ್ಟಿನ ಕರಿದ ತಿಂಡಿ ತರುವುದು ಪದ್ಧತಿ. ಗೈಡಿಗೆ ತೋರಿಸಿದ ಮೇಲೆ ತರಬೇಕು ಎನ್ನುವ ಅರ್ಧವನ್ನು ಮರೆತು ನಾನು ಆಗಲೇ ತಂದು ಹಂಚಿದೆ. ನಾನು ದಿನಾ ಊಟ ಮಾಡುತ್ತಿದ್ದ, ಮಣಿನಗರ ಸ್ಟೇಷನ್ ಹತ್ತಿರದ ಕುಂದಾಪುರದವರ ಹೋಟೆಲಿಗೂ ಫೋನಿನಲ್ಲಿ ಸುದ್ದಿ ಸಾರಿದೆ.

ಗೈಡ್ ಬಂದರು. ಜಿಲೇಬಿ ಬಾಯಿಗಿಟ್ಟು, ಗ್ರಾಫ್ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಸಮಯವನ್ನು ಸೂರ್ಯನಿಗೆ ತಂದಿದ್ದೀಯಾ?"

ತಂದಿರಲಿಲ್ಲ. ಭೂಮಿ ಮಿಡಿತಗಳಿಗೆ ಎದುರಾಗಿ ಓಡಿದರೆ ಅವು ಬೇಗ ಬೇಗ ಸಿಗುತ್ತವೆ, ದೂರ ಸರಿದರೆ ತಡವಾಗಿ. ಅದಕ್ಕೇ, ಸೂರ್ಯನಲ್ಲಿ ಕೂತು ನೋಡಿದ್ದರೆ ಹೇಗೋ ಹಾಗೆ ಸಮಯವನ್ನು ತಿದ್ದಿಕೊಳ್ಳಬೇಕು. ಇದು ಈ ವಿದ್ಯೆಯ ಮೊದಲ ಪಾಠ. ಆ ಎರಡು ನಕ್ಷತ್ರಗಳ ಸುತ್ತಾಟವನ್ನೆಲ್ಲ ಜಾಣೆಯಂತೆ ಕಳೆದಿದ್ದ ನಾನು ನಮ್ಮದೇ ಸುತ್ತಾಟವನ್ನು ಬಿಟ್ಟಿದ್ದೆ.

"ಜಿಲೇಬಿ ಚೆನ್ನಾಗಿದೆ," ಎಂದು ಅವರು ಬೆರಳು ಒರೆಸಿಕೊಂಡು ಹೋದರು. ನನ್ನ ಮುಖ ಹುಳ್ಳಗಾಯಿತು.

ಸಂಜೆ ಹೋಟೆಲಿನ ಯಜಮಾನರು ಗಲ್ಲಾದಲ್ಲಿ ಕೂತೇ ಕಥೆಯನ್ನೆಲ್ಲ ಕೇಳಿದರು. "ಹಾಂಗಾರೆ ಓಡ್ತಿದ್ದದ್ದ್ ನೀವೇ ಅಲ್ದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಿಲ್ಲ. ಎರಡು ಮಸಾಲೆ ದೋಸೆ ತಿಂದೆ.

ಮರುದಿನ ಸಮಯವನ್ನು ಸರಿಪಡಿಸಿದೆ. ಗ್ರಾಫಿನ ಗೆರೆ ಸಪಾಟಾಗುತ್ತದೆ, ನನ್ನ ಕಥೆ ಮುಗಿಯುತ್ತದೆ ಎಂದುಕೊಂಡಿದ್ದೆ. ಗೆರೆ ಸಪಾಟಾಗಲಿಲ್ಲ, ಮೆಲ್ಲಗೆ ಕೆಳಗೆ ವಾಲಿತು. ಮಿಡಿತಗಳ ಅಂತರ ಕುಗ್ಗುತ್ತಿತ್ತು, ಅಂದರೆ ನಕ್ಷತ್ರದ ವೇಗ ಹೆಚ್ಚುತ್ತಿತ್ತು. ಸುತ್ತುತ್ತಾ ಬಂದು ಬೀಳುವ ಅನಿಲ, ಉಯ್ಯಾಲೆಗೆ ನೂಕು ಕೊಟ್ಟ ಹಾಗೆ, ಅದನ್ನು ತಿರುಗಿಸುತ್ತಿತ್ತು. ಕೈ ಆಗಲೇ ಫೋನಿನತ್ತ ಹೋಗಿತ್ತು. ಆದರೂ ತುಟಿ ಬಿಚ್ಚದೆ ಮೂರು ದಿನ ಮತ್ತೆ ಮತ್ತೆ ಪರೀಕ್ಷಿಸಿದೆ. ಜನ್ಮದಲ್ಲಿ ಅಷ್ಟು ದಿನ ಸುಮ್ಮನಿದ್ದದ್ದು ಅದೇ ಮೊದಲು.

ಗೈಡ್ ಗ್ರಾಫನ್ನು ಬಹಳ ಹೊತ್ತು ನೋಡಿದರು.

"ಸೂರ್ಯನಿಗೆ?"

"ತಂದಿದ್ದೇನೆ ಸರ್."

ಅವರು ಸ್ಕೂಟರ್ ಕೀ ತೆಗೆದುಕೊಂಡು ಹೊರಟುಹೋದರು. ಮತ್ತೇನು ಮರೆತೆನೋ ಎಂದು ನಾನು ಬೆವರುತ್ತಾ ಕೂತೆ. ಅರ್ಧ ಗಂಟೆಯ ಮೇಲೆ, ಎಣ್ಣೆ ಸೋರಿದ ಬಿಸಿ ಪೊಟ್ಟಣವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಸಮಿತಿಗೆ ಇದು ಸಾಕು," ಎಂದರು. "ತಿನ್ನು."

ಹೋಟೆಲಿಗೆ ಫೋನ್ ಮಾಡಲು ಸ್ವಲ್ಪ ತಡವಾಯಿತು. ಬಾಯಿ ತುಂಬ ಜಿಲೇಬಿಯಿತ್ತು, ಕಣ್ಣಲ್ಲಿ ನೀರಿತ್ತು.