ಇಳಿಸಿದ್ದನ್ನು ಮತ್ತೆ ಇಳಿಸುವುದು

ಸೂಜಿ ಕಾಲಿಗೆ ಹೊಕ್ಕಿದ್ದು ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಹೆಂಡತಿ ಲಲಿತೆಗೆ. ನೆಲದ ಮೇಲೆ ಅಲ್ಲಲ್ಲಿ ರಕ್ತದ ಗುರುತು ಕಂಡು ಅವಳು ಮೊದಲು ಬೆಕ್ಕನ್ನು ಬೈದಳು. ಆಮೇಲೆ ಏನೋ ಸಂಶಯ ಬಂದು ನನ್ನ ಪಾದ ಎತ್ತಿ ನೋಡಿದಳು. ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಮಿಷನ್ ಸೂಜಿಯ ಮುರಿದ ತುಂಡು. ಯಾವಾಗ ಹೊಕ್ಕಿತ್ತೋ ದೇವರಿಗೇ ಗೊತ್ತು.

ನಾನು ಬೆಳ್ಳಾರೆಯಲ್ಲಿ ಟೈಲರ್. ಅಂಗಡಿಯೊಳಗೆ ಚಪ್ಪಲಿ ಹಾಕಿ ಕೆಲಸ ಮಾಡುವವನಲ್ಲ. ಪೆಡಲಿನ ಮೇಲೆ ಬರಿಗಾಲು ಇದ್ದರೇ ಮಿಷನ್ನಿನ ವೇಗ ಹಿಡಿತಕ್ಕೆ ಸಿಗುವುದು. ನೆಲದಲ್ಲಿ ಸೂಜಿ ಬಿದ್ದಿರುವುದು, ಅದು ಚುಚ್ಚುವುದು, ಒಂದು ಸಲ ಹಾ ಎಂದು ಕಿತ್ತು ಬಿಸಾಡುವುದು, ಇದೆಲ್ಲ ಈ ಕೆಲಸದಲ್ಲಿ ಇದ್ದದ್ದೇ. ಈ ಸಲ ಮಾತ್ರ ನಾನು ಹಾ ಎನ್ನಲಿಲ್ಲ. ಲಲಿತೆ ಅದನ್ನು ಚಿಮಟದಲ್ಲಿ ಎಳೆದು ತೆಗೆಯುವಾಗಲೂ ನೋಯಲಿಲ್ಲ. ನಾನು ನಕ್ಕೆ. ಅವಳು ನಗಲಿಲ್ಲ.

ವಾರ ಕಳೆಯುವುದರೊಳಗೆ ಕಾಲು ಊದಿತು. ಅರಸಿನ ಹಚ್ಚಿದೆವು. ಬಟ್ಟೆ ಕಟ್ಟಿದೆವು. ಮದುವೆಯ ಸೀಸನ್, ಹೊಲಿಯಲು ರಾಶಿ ಬಿದ್ದಿತ್ತು, ಊದಿದ ಕಾಲಿನಲ್ಲೇ ತುಳಿದೆ. ನೋವಿಲ್ಲದ ಗಾಯವನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಕೊನೆಗೆ ಪುತ್ತೂರಿನ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕುಳಿತವರು ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಹಿಡಿದು ಆಚೆ ಜರುಗಿದರು. ಆ ವಾಸನೆ ನನ್ನದೇ ಎಂದು ಕುಂಬ್ರ ದಾಟುವವರೆಗೂ ನನಗೆ ತಿಳಿಯಲಿಲ್ಲ.

ಡಾಕ್ಟರು ಕಾಲು ನೋಡುವ ಮೊದಲು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಐದು ವರ್ಷ ಹಿಂದೆ ಎಲ್ಲಿತ್ತೋ ಅಲ್ಲಿಗೆ ಹೋಗಿ, ಅಲ್ಲಿ ನಿಲ್ಲದೆ ಇನ್ನೂ ಸ್ವಲ್ಪ ಮುಂದೆ ಹೋಯಿತು.

"ನೀವು ತೂಕ ಇಳಿಸಿದ್ದಲ್ವಾ ಮಾರಾಯ್ರೆ? ಎಲ್ಲಿ ಹೋಯ್ತು ಅದು?"

ಹೌದು, ಇಳಿಸಿದ್ದೆ. ಆ ಕಥೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ಬೆಲ್‌ಬಾಟಮ್ ಕಾಲ. ಊರಿನ ಹುಡುಗರೆಲ್ಲ ನೆಲ ಗುಡಿಸುವ ಪ್ಯಾಂಟು ಬೇಕೆಂದು ನನ್ನ ಅಂಗಡಿಯ ಎದುರು ನಿಲ್ಲುತ್ತಿದ್ದರು. ನನಗೆ ಮೂವತ್ತೈದರ ಆಸುಪಾಸು. ಬೆಳಗಿನಿಂದ ಕತ್ತಲಾಗುವವರೆಗೆ ಕುಳಿತೇ ಇರುವ ಕೆಲಸ, ಹೊಟ್ಟೆ ಮಿಷನ್ನಿಗೆ ತಾಗುತ್ತಿತ್ತು. ಊರವರಿಗೆ ಅದು ಚಂದವೇ ಕಾಣುತ್ತಿತ್ತು. ದಪ್ಪ ಟೈಲರ್ ಅಂದರೆ ನಡೆಯುವ ಅಂಗಡಿ ಎಂದು ಅರ್ಥ. ಆಮೇಲೆ ತೀರದ ಬಾಯಾರಿಕೆ ಶುರುವಾಯಿತು. ಗಿರಾಕಿಯ ಅಳತೆ ಅರ್ಧಕ್ಕೆ ಬಿಟ್ಟು ಅಂಗಡಿಯ ಹಿಂದಕ್ಕೆ ಓಡುವ ಹಾಗಾಯಿತು. ಪುತ್ತೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿದರು. ನೀಲಿ ದ್ರಾವಣ ಬಿಸಿಯಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ನಾನೇ ನೋಡಿದೆ. ಶುಗರ್. ತೂಕ ಇಳಿಸಬೇಕು, ಅನ್ನ ಬಿಡಬೇಕು ಎಂದು ಡಾಕ್ಟರು ಹೇಳಿದರು.

ಅನ್ನ ಬಿಟ್ಟೆ. ಗಂಜಿ ಹಿಡಿದೆ.

ನಗಬೇಡಿ. ನಮ್ಮ ಮನೆಗಳಲ್ಲಿ ಗಂಜಿ ಅಂದರೆ ಊಟದ ಲೆಕ್ಕಕ್ಕೆ ಬರುವುದಲ್ಲ. ಜ್ವರ ಬಂದವನಿಗೆ, ಹೊಟ್ಟೆ ಕೆಟ್ಟವನಿಗೆ ಕೊಡುವ ಪಥ್ಯ ಅದು. "ಗಂಜಿ ಎಂತ ಅನ್ನವಾ ಮಗಾ? ಅದು ನೀರಲ್ವಾ" ಎಂದರು ಅಮ್ಮ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಗಂಜಿ. ಪಥ್ಯದಲ್ಲಿರುವ ಮಗನಿಗೆ ಶಕ್ತಿ ಬರಲೆಂದು ಅಮ್ಮ ತಳದ ಗಟ್ಟಿ ಅಗುಳನ್ನೇ ಬಾಚಿ ಹಾಕುತ್ತಿದ್ದರು. ಹಿಂದೆಂದಿಗಿಂತ ಹೆಚ್ಚು ಕುಚ್ಚಲಕ್ಕಿ ತಿಂದದ್ದು ಆ ತಿಂಗಳು. ಮುಂದಿನ ಸಲ ಡಾಕ್ಟರು ರಿಪೋರ್ಟು ನೋಡಿ, ಏನು ತಿನ್ನುತ್ತೀರಿ ಎಂದು ಕೇಳಿ, ಉತ್ತರ ಕೇಳಿ, ರಿಪೋರ್ಟನ್ನು ಮಡಚಿಟ್ಟರು. ಆಮೇಲೆ ನನ್ನನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಒಂದು ಮಂಚದ ಎದುರು ನಿಲ್ಲಿಸಿದರು. ಅಲ್ಲಿ ಮಲಗಿದ್ದವನಿಗೆ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಅವನು ನನ್ನ ಹತ್ತಿರ ಬೀಡಿ ಉಂಟಾ ಎಂದು ಕೇಳಿದ.

ಆ ಹೆದರಿಕೆ ಸಾಕಾಯಿತು. ಗಂಜಿ ನಿಂತಿತು. ರೇಷನ್ ಅಂಗಡಿಯ ಗೋಧಿ ಬಂತು. ಚಪಾತಿ ಲಟ್ಟಿಸಿ ಗೊತ್ತಿಲ್ಲದ ಲಲಿತೆ ಮಾಡಿದ ಮೊದಲ ಚಪಾತಿಗಳನ್ನು ಅಗಿದು ಅಗಿದು ದವಡೆ ಸೋತುಹೋಗುತ್ತಿತ್ತು. ಬೆಳಿಗ್ಗೆ ನಡೆಯಲು ಹೊರಟೆ. ಕೆಲಸವಿಲ್ಲದೆ ಸುಮ್ಮನೆ ರಸ್ತೆಯಲ್ಲಿ ನಡೆಯುವ ಗಂಡಸನ್ನು ಬೆಳ್ಳಾರೆ ಅಲ್ಲಿಯವರೆಗೆ ನೋಡಿರಲಿಲ್ಲ. ಯಾರಾದರೂ ತೀರಿಹೋದರಾ ಎಂದು ಕೇಳುತ್ತಿದ್ದರು. ಒಂದು ವರ್ಷದೊಳಗೆ ನನ್ನ ಹೊಟ್ಟೆ ಮಿಷನ್ನಿನಿಂದ ದೂರ ಸರಿಯಿತು. ಡಾಕ್ಟರು ಬೆನ್ನು ತಟ್ಟಿದರು. ಮಾತ್ರೆ ಅರ್ಧಕ್ಕೆ ಇಳಿಯಿತು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಆಗ ನನ್ನ ಪ್ಯಾಂಟುಗಳನ್ನೆಲ್ಲ ಒಳಗೆ ಹಿಡಿದು ಹೊಲಿದೆ. ನಾವು ಟೈಲರುಗಳು ಹಿಂದಿನ ಹೊಲಿಗೆಯಲ್ಲಿ ಸ್ವಲ್ಪ ಬಟ್ಟೆ ಹೆಚ್ಚಿಗೆ ಬಿಡುತ್ತೇವೆ, ಮುಂದೆ ಗಿರಾಕಿ ದಪ್ಪವಾದರೆ ಬಿಚ್ಚಿ ಸಡಿಲ ಮಾಡಲು. ನನ್ನ ಪ್ಯಾಂಟುಗಳಲ್ಲಿ ಈಗ ಅದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಕತ್ತರಿಸಲಿಲ್ಲ. ಮಡಚಿ ಒಳಗೇ ಇಟ್ಟೆ.

ಆದರೆ ಊರಿಗೆ ನನ್ನ ಹೊಸ ಮೈ ಹಿಡಿಸಲಿಲ್ಲ. ಕಂಡವರೆಲ್ಲ "ಎಂತ ಸೀಕು?" ಎಂದು ಕೇಳುತ್ತಿದ್ದರು. ಸೀಕು ವಾಸಿಯಾಗುತ್ತಿರುವುದರಿಂದಲೇ ತೆಳ್ಳಗಾದದ್ದು ಎಂದರೆ ಯಾರೂ ನಂಬರು. ಟಿ.ಬಿ. ಇರಬೇಕು ಎಂದು ಒಬ್ಬರು ಹೇಳಿದರು, ನಾಲ್ಕು ಜನ ಒಪ್ಪಿದರು. ಟಿ.ಬಿ.ಯವನು ಹೊಲಿದ ಬಟ್ಟೆ ಮೈಗೆ ಹಾಕುವುದು ಹೇಗೆ? ಒಂದು ಮದುವೆಯ ಬಟ್ಟೆ ಸುಳ್ಯದ ಟೈಲರಿಗೆ ಹೋಯಿತು. ಬಟ್ಟೆ ಅಂಗಡಿಯ ಇದಿನಬ್ಬ ಬ್ಯಾರಿಗಳು ನನ್ನ ನೆರೆಯವರು, ಅವರು ಪಾಪ ಬಂದವರಿಗೆಲ್ಲ ಇವರಿಗೆ ಶುಗರ್ ಮಾತ್ರ ಎಂದು ಹೇಳಿ ಹೇಳಿ ಸುಸ್ತಾದರು. ಅಮ್ಮನಿಗೆ ಬೇರೆಯದೇ ಸಂಕಟ. ಮಗ ಸೊರಗಿದರೆ ಜನ ಆಡಿಕೊಳ್ಳುವುದು ಅಡಿಗೆಮನೆಯನ್ನು. "ನಾನು ಹಾಕುದಿಲ್ಲ ಅಂತ ಊರಿಗೆ ತೋರಿಸ್ಲಿಕ್ಕಾ ನಿಂದು ಈ ಆಟ?" ಎಂದು ಒಂದು ದಿನ ಅತ್ತರು.

ಮತ್ತೆ ಮದುವೆ ಮನೆಗಳು. ನಮ್ಮಲ್ಲಿ ಮದುವೆಯ ಬಟ್ಟೆ ಹೊಲಿದ ಟೈಲರ್ ಅದನ್ನು ತಾನೇ ಕೊಂಡುಹೋಗಿ ಕೊಡಬೇಕು, ಕೊಟ್ಟವನು ಎಲೆಯ ಎದುರು ಕುಳಿತು ಎದ್ದೇ ಬರಬೇಕು. ಉಣ್ಣದೆ ಹೋದರೆ ಆ ಬಟ್ಟೆ ಉಡುವವರಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ಪಾಯಸ ಬೇಡ ಎಂದರೆ ಮದುಮಗಳ ಅಜ್ಜಿಯೇ ಸೌಟು ಹಿಡಿದು ಬರುತ್ತಾರೆ. ಒಂದು ಸಲ ಎಂದು ಕುಡಿದೆ. ಏನೂ ಆಗಲಿಲ್ಲ. ಏನೂ ಆಗದೆ ಇರುವುದೇ ಈ ಕಾಯಿಲೆಯ ದೊಡ್ಡ ಮೋಸ. ಮನೆಯಲ್ಲಿ ಮೊದಲು ಗಂಜಿ ವಾಪಸು ಬಂತು, ಆಮೇಲೆ ಅದರ ಬಂಧುಬಳಗವೆಲ್ಲ ಬಂತು. ಬೆಳಗಿನ ನಡಿಗೆ ಮಳೆಗಾಲಕ್ಕೆ ನಿಂತದ್ದು ಮಳೆ ಬಿಟ್ಟರೂ ಶುರುವಾಗಲಿಲ್ಲ. "ಈಗ ಮನುಷ್ಯನ ಹಾಗೆ ಕಾಣ್ತೀರಿ" ಎಂದು ಗಿರಾಕಿಗಳು ಹೊಗಳಿದರು. ಪ್ಯಾಂಟಿನ ಹೊಲಿಗೆ ಒಂದೊಂದಾಗಿ ಬಿಚ್ಚಿದೆ. ಬಟ್ಟೆ ಒಳಗೇ ಇತ್ತಲ್ಲ.

ಹೀಗೆ ನಾನು ಮತ್ತೆ ಆ ಯಂತ್ರದ ಮೇಲೆ ನಿಂತದ್ದು.

ಶುಗರ್ ಏರಿ ಪಾದದ ನರ ಸತ್ತಿದೆ, ನೋವು ಗೊತ್ತಾಗದ್ದು ಅದಕ್ಕೇ ಎಂದು ಡಾಕ್ಟರು ಹೇಳಿ ಅಡ್ಮಿಟ್ ಮಾಡಿದರು. ಇನ್ಸುಲಿನ್, ಡ್ರೆಸ್ಸಿಂಗ್, ಮತ್ತೆ ಡ್ರೆಸ್ಸಿಂಗ್. ಬೆರಳು ಕಪ್ಪಾಗಿದೆ, ಗ್ಯಾಂಗ್ರಿನ್, ಇಟ್ಟರೆ ಮೇಲೆ ಹತ್ತುತ್ತದೆ ಎಂದು ಸರ್ಜನ್ ಹೇಳಿದರು.

ಕಿರುಬೆರಳು ಹೋಯಿತು.

ಡಿಸ್ಚಾರ್ಜ್ ಆಗುವ ದಿನ ಡಾಕ್ಟರು ಮಂಚದ ಬದಿಗೆ ಬಂದು ನಿಂತರು. ಈ ಸಲ ಬೆನ್ನು ತಟ್ಟುವ ಮುಖ ಇರಲಿಲ್ಲ. "ಶುಗರ್, ತೂಕ ಎರಡೂ ಇಳಿಯದಿದ್ರೆ ಮುಂದಿನ ಸಲ ಬೆರಳಲ್ಲ, ಪಾದ. ನಿಮಗೆ ಕಾಲು ಬೇಕಾದ್ದು ನಡೀಲಿಕ್ಕೆ ಮಾತ್ರ ಅಲ್ಲ ಅಲ್ವಾ?" ಎಂದರು.

ಅಲ್ಲ. ಕಾಲು ಹೋದರೆ ನನ್ನ ಕೆಲಸ ಹೋಯಿತು. ಇಷ್ಟು ಗೊತ್ತಿದ್ದ ಮನುಷ್ಯ ಮನೆಗೆ ಬಂದು ಮರುದಿನದಿಂದಲೇ ಬಾಯಿ ಕಟ್ಟಬೇಕಿತ್ತು ತಾನೆ? ನಾನೂ ಹಾಗೇ ಅಂದುಕೊಂಡಿದ್ದೆ. ಆಗಲಿಲ್ಲ. ಮೊದಲನೆಯ ಸಲ ಹೆದರಿಕೆಯೇ ನನ್ನನ್ನು ಎಬ್ಬಿಸಿ ರಸ್ತೆಗೆ ದೂಡಿತ್ತು; ಇಳಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ಆಸೆಯೂ ಇತ್ತು. ಎರಡನೆಯ ಸಲ ಎರಡೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಇಳಿಸಿದ್ದು ಎಷ್ಟು ಸುಲಭವಾಗಿ ಹಿಂದೆ ಬರುತ್ತದೆ ಎಂದು ಕಂಡವನಿಗೆ ಮತ್ತೆ ಮೊದಲಿನಿಂದ ಶುರು ಮಾಡು ಎನ್ನುವುದು, ಹೊಲಿದು ಮುಗಿಸಿದ ಕೋಟನ್ನು ಬಿಚ್ಚಿ ಪುನಃ ಹೊಲಿ ಎಂದ ಹಾಗೆ. ಕೈ ಏಳುವುದಿಲ್ಲ. ಗೋಡೆಗೆ ಒರಗಿ ಕೂತು, ಹೋಗುವುದಾದರೆ ಹೋಗಲಿ ಅಂದುಕೊಳ್ಳುತ್ತಿದ್ದೆ. ನೋಡಲು ಬಂದವರು ಬಿಸ್ಕತ್ತು, ದ್ರಾಕ್ಷಿ, ಒಬ್ಬರಂತೂ ಹಲ್ವ ತಂದರು. ಶುಗರಿನಿಂದ ಬೆರಳು ಕಳೆದುಕೊಂಡವನಿಗೆ ಹಲ್ವ! ನಾನು ತಿಂದೆ. ಸಿಟ್ಟಿನಿಂದಲೇ ತಿಂದೆ. ಲಲಿತೆ ನೋಡಿ ಒಳಗೆ ಹೋದಳು. ಮೊದಲಾದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ಗಾಯ ಒಣಗಿದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಹೋದೆ. ಮಿಷನ್ನಿನ ಮುಚ್ಚಳ ತೆಗೆದು ನೋಡಿದರೆ ಚಕ್ರಕ್ಕೆ ಒಂದು ಕಬ್ಬಿಣದ ಹಿಡಿ ಕೂರಿಸಿದ್ದರು. ತಿರುಗಿಸುವ ಹಿಡಿ. ಪೆಡಲಿನಿಂದ ಬರುವ ಬೆಲ್ಟನ್ನು ಬಿಚ್ಚಿ ಮೊಳೆಗೆ ನೇತುಹಾಕಿದ್ದರು.

ನನ್ನ ಕಾಲ್ಮಿಷನ್ನು ಕೈಮಿಷನ್ನಾಗಿತ್ತು.

ಈ ಕೆಲಸ ಗೊತ್ತಿಲ್ಲದವರಿಗೆ ಇದರ ಅವಮಾನ ಗೊತ್ತಾಗಲಿಕ್ಕಿಲ್ಲ. ಕಾಲಿನಲ್ಲಿ ತುಳಿಯುವಾಗ ಎರಡೂ ಕೈ ಬಟ್ಟೆಯ ಮೇಲಿರುತ್ತವೆ. ಹಿಡಿ ತಿರುಗಿಸುವವನಿಗೆ ಬಟ್ಟೆಗೆ ಉಳಿಯುವುದು ಒಂದೇ ಕೈ. ಮನೆಯಲ್ಲಿ ಲಂಗ, ದಿಂಬಿನ ಚೀಲ ಹೊಲಿಯಲು ಸಾಕು. ಪ್ಯಾಂಟಿನ ಜೇಬು, ಕೋಟಿನ ತೋಳು ಅದರಲ್ಲಿ ಆಗುವ ಮಾತಲ್ಲ. ಇದಿನಬ್ಬ ಬ್ಯಾರಿಗಳು ನನ್ನ ಮುಖ ನೋಡಿ ಅವರ ಅಂಗಡಿಯಿಂದ ಇಳಿದು ಬಂದರು. "ವಾಸಣ್ಣ, ನಂಗೆ ಬೈಬೇಡಿ. ಲಲಿತಕ್ಕ ಹೇಳಿದ್ದು, ನಾನು ಪುತ್ತೂರಿನಿಂದ ಜನ ಕರ್ಸಿದ್ದು, ಅಷ್ಟೇ."

ನಾನು ಕುಂಟುತ್ತಾ ಮನೆಗೆ ಹೋದೆ. ಲಲಿತೆ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಕಾಲು ಇರುವಾಗಲೇ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಕೂಗಿದೆ ಅನ್ನಬೇಕು. ಅವಳು ಕೂಗಲಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟೇ:

"ನೀವು ಇಳಿಸುದಿಲ್ಲ. ನಂಗೆ ಗೊತ್ತುಂಟು. ಬೈತಾ ಇಲ್ಲ ನಾನು. ಆ ಸಲ ನೀವು ಪ್ಯಾಂಟಿನ ಬಟ್ಟೆ ಕತ್ತರಿಸ್ಲಿಲ್ಲ ಅಲ್ವಾ, ನಂಗೆ ಅವತ್ತೇ ಗೊತ್ತಾಗಿತ್ತು. ಕಾಲು ಹೋದ ಮೇಲೆ ಓಡಾಡುವ ಬದಲು ಮೊದಲೇ ಮಾಡಿ ಇಟ್ಟೆ. ಹಿಡಿ ತಿರುಗಿಸ್ಲಿಕ್ಕೆ ನಾನೂ ಕಲೀತೇನೆ."

ಮತ್ತೆ ಬಟ್ಟೆ ಹಿಂಡಲು ತಿರುಗಿದಳು.

ಡಾಕ್ಟರು ಹೆದರಿಸಿದರು, ಅದು ತಾಗಲಿಲ್ಲ. ಬೆರಳು ಕತ್ತರಿಸಿದರು, ಅದೂ ತಾಗಲಿಲ್ಲ. ಇದು ತಾಗಿತು. ನನ್ನ ಮನೆಯಲ್ಲಿ ನನ್ನ ಕಾಲಿನ ತಿಥಿ ಮುಗಿದಿತ್ತು. ಎಷ್ಟು ಸಿಟ್ಟು ಬಂತೆಂದರೆ ಮೂರು ದಿನ ಅವಳ ಹತ್ತಿರ ಮಾತಾಡಲಿಲ್ಲ. ಆ ಸಿಟ್ಟಿನಲ್ಲೇ ಮರುದಿನ ಬೆಳಿಗ್ಗೆ ಪಾದಕ್ಕೆ ದಪ್ಪ ಬಟ್ಟೆ ಸುತ್ತಿ, ಕ್ಯಾನ್ವಾಸ್ ಶೂ ಹಾಕಿ ರಸ್ತೆಗೆ ಇಳಿದೆ. ಆಸೆಯಿಂದ ಅಲ್ಲ, ಆರೋಗ್ಯಕ್ಕೂ ಅಲ್ಲ. ಅವಳ ಮಾತನ್ನು ಸುಳ್ಳು ಮಾಡಲಿಕ್ಕೆ. ಇಂಥ ಕೆಟ್ಟ ಕಾರಣಕ್ಕೆ ತೂಕ ಇಳಿಸಬಾರದು ಎಂದು ಯಾರಾದರೂ ಹೇಳಬಹುದು. ಒಳ್ಳೆಯ ಕಾರಣಗಳನ್ನು ನಾನು ಒಮ್ಮೆ ಪ್ರಯೋಗ ಮಾಡಿ ನೋಡಿದ್ದೇನೆ.

ಈ ಸಲ ಇಳಿಯುವುದು ನಿಧಾನ. ಮೈ ಒಮ್ಮೆ ಮೋಸ ಹೋಗಿದೆ, ಪುನಃ ಒಪ್ಪುವುದಿಲ್ಲ. ಯಾರೂ ಹೊಗಳುವುದಿಲ್ಲ, ಮತ್ತೆ ಬರ್ತದೆ ಬಿಡಿ ಎನ್ನುತ್ತಾರೆ. ಮದುವೆ ಮನೆಯಲ್ಲಿ ಈಗ ಜಗಲಿಯಲ್ಲೇ ಬಟ್ಟೆ ಕೊಟ್ಟು ತಿರುಗಿ ಬರುತ್ತೇನೆ. ಟೈಲರಿಗೆ ಅಹಂಕಾರ ಬಂತು ಎಂಬ ಮಾತು ಕಿವಿಗೆ ಬಿದ್ದಿದೆ. ಅಮ್ಮ ನನ್ನ ತಟ್ಟೆಗೆ ಎಷ್ಟು ಹಾಕಬೇಕೆಂದು ಕೇಳುವುದನ್ನೇ ಬಿಟ್ಟು ಎದುರಿನಿಂದ ಎದ್ದುಹೋಗುತ್ತಾರೆ. ಕೆಲವು ದಿನ ಜಾರುತ್ತೇನೆ. ಮೊನ್ನೆ ಹಬ್ಬಕ್ಕೆ ಕಡುಬು ತಿಂದೆ, ಆದರೂ ಮರುದಿನ ಬೆಳಿಗ್ಗೆ ಎದ್ದು ನಡೆದೆ. ಮೊದಲ ಸಲಕ್ಕೂ ಈ ಸಲಕ್ಕೂ ಇರುವ ವ್ಯತ್ಯಾಸ ಅಷ್ಟೇ ಇರಬಹುದು.

ಕಳೆದ ತಿಂಗಳು ಪುತ್ತೂರಿನಲ್ಲಿ ತೂಕದ ಮುಳ್ಳು ಸ್ವಲ್ಪ ಹಿಂದೆ ಬಂದಿತ್ತು. ಪಾದದ ಚರ್ಮ ಚೆನ್ನಾಗಿದೆ ಎಂದರು ಡಾಕ್ಟರು. ಮಿಷನ್ನಿನ ಬೆಲ್ಟನ್ನು ನಾನು ಯಾವಾಗಲೋ ಮತ್ತೆ ಹಾಕಿ ತುಳಿಯುತ್ತಿದ್ದೇನೆ, ಶೂ ಹಾಕಿದ ಕಾಲಿನಲ್ಲಿ, ವೇಗ ತಪ್ಪುತ್ತದೆ, ಆದರೂ ತುಳಿಯುತ್ತೇನೆ. ಪುತ್ತೂರಿನಿಂದ ಬಂದ ಸಂಜೆ ಲಲಿತೆ ಅಂಗಡಿಗೆ ಬಂದಿದ್ದಳು. ಆ ಹಿಡಿಯನ್ನು ಇನ್ನು ಬಿಚ್ಚಿಸಿಬಿಡೋಣ ಎಂದೆ. ಅವಳು ನನ್ನ ಶೂ ನೋಡಿದಳು, ಹೊಟ್ಟೆ ನೋಡಿದಳು, ಹಿಡಿಯ ಮೇಲೆ ಕೈ ಇಟ್ಟಳು.

"ಇರ್ಲಿ," ಎಂದಳು. "ಇದ್ರೆ ನಿಮಗೆ ಸಿಟ್ಟು ಬರ್ತದೆ."

ನಾನು ಮತ್ತೆ ಪೆಡಲ್ ತುಳಿದೆ. ಅವಳು ಬಿಚ್ಚಿಸಿದ್ದರೆ ಆ ಸಂತೋಷಕ್ಕೆ ಅಂದು ರಾತ್ರಿಯೇ ಒಂದು ಬಟ್ಟಲು ಪಾಯಸ ಕುಡಿಯುತ್ತಿದ್ದೆ. ಅದು ನನಗೆ ಗೊತ್ತು, ಅವಳಿಗೆ ನನಗಿಂತ ಮೊದಲೇ ಗೊತ್ತು. ಹಿಡಿ ಅಲ್ಲೇ ಇದೆ. ಸದ್ಯಕ್ಕೆ ಕಾಲೂ ಇದೆ.