ನೀರೊಳಗಿನ ಅಧ್ಯಕ್ಷ

ಬೇಗೂರಿನ ಸಿದ್ದರಾಜುವಿಗೆ ಈಜು ಬರುತ್ತಿರಲಿಲ್ಲ. ನೀರೊಳಗಿನ ಛಾಯಾಗ್ರಹಣ ಸಂಘಕ್ಕೆ ಅಧ್ಯಕ್ಷನಾಗಲು ಅದೇನೂ ಅವನಿಗೆ ಅಡ್ಡಿಯಾಗಲಿಲ್ಲ.

ಅವನ ಅಪ್ಪ ನರಸಪ್ಪನ ಕಾಲದಲ್ಲಿ ಅವರ ರಾಗಿ ಹೊಲದ ನಡುವೆ ಒಂದು ಬಾವಿ ಇತ್ತು. ಬೇಸಿಗೆಯಲ್ಲಿ ಓರಗೆಯ ಹುಡುಗರೆಲ್ಲ ಅದಕ್ಕೆ ದುಮುಕುವಾಗ ಸಿದ್ದರಾಜು ದಡದ ಮೇಲೆ ಕೂತು ಅವರ ಅಂಗಿ ಚಡ್ಡಿಗಳನ್ನು ಕಾಯುತ್ತಿದ್ದ. ಬಿಸಿಲು ನೀರಿನ ಮೇಲೆ ಚೂರಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಅದರ ಎದುರು ಅಷ್ಟು ಹೊತ್ತು ಮೌನವಾಗಿ ಕೂತ ಹುಡುಗನನ್ನು ಕಂಡು, ಇವನೊಳಗೆ ಏನೋ ಇದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಅವರ ತಪ್ಪು. ಯಾರ ಅಂಗಿ ತನಗೆ ಒಪ್ಪೀತು ಎಂದು ಅವನು ನೋಡುತ್ತಿದ್ದ, ಅಷ್ಟೆ.

ಎಲೆಕ್ಟ್ರಾನಿಕ್ ಸಿಟಿ ಬೆಳೆಯುತ್ತ ಬೆಳೆಯುತ್ತ ಬೇಗೂರಿನವರೆಗೆ ಬಂತು. ರಾಗಿ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದಿತು. ಬಿಲ್ಡರ್ ಬಾವಿಗೆ ಮಣ್ಣು ತುಂಬಿಸಿ, ಅದರ ಪಕ್ಕದಲ್ಲೇ ನೀಲಿ ಟೈಲ್ಸಿನ ಈಜುಕೊಳ ಕಟ್ಟಿಸಿದ. ಸಿದ್ದರಾಜುವಿನ ಪಾಲಿಗೆ ಒಂದಿಷ್ಟು ಫ್ಲ್ಯಾಟುಗಳು ಬಂದವು, ಬಾಡಿಗೆಗೆ ಹೋದವು. ಆಮೇಲೆ ಅವನು ಮಾಡಬೇಕಾದ ಕೆಲಸವೇನೂ ಉಳಿಯಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬೇಕರಿಯ ಮುಂದೆ ನಿಲ್ಲುವುದನ್ನೇ ಅವನು ಸಮಾಜಸೇವೆ ಎನ್ನುತ್ತಿದ್ದ. ನೀರಿನ ಟ್ಯಾಂಕರ್ ಬಾರದಿದ್ದರೆ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ, ಬಸುರಿ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಊರಿನ ಹೆಂಗಸರು ಬಂದು ನಿಲ್ಲುತ್ತಿದ್ದದ್ದು ಅವನ ಹೆಂಡತಿ ಪದ್ಮಾವತಿಯ ಮುಂದೆ, ಹಿತ್ತಲ ಬಾಗಿಲಲ್ಲಿ.

ಸಂಘ ಕಟ್ಟಿದವನು ಅವನ ಬಾಡಿಗೆದಾರ ಭಾನುಪ್ರಕಾಶ್, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯವನು. ಸಂಘದವರು ವರ್ಷಕ್ಕೊಮ್ಮೆ ಮುರುಡೇಶ್ವರದ ಸಮುದ್ರಕ್ಕೆ ಹೋಗಿ, ನೀರು ಕದಡಿದೆಯೆಂದು ಮೀನೂಟ ಮಾಡಿಕೊಂಡು ಬರುತ್ತಿದ್ದರು. ಉಳಿದ ಶನಿವಾರಗಳಿಗೆ ಈಜುಕೊಳವೇ ಸಮುದ್ರ. ನೀರು ಹೊಗದ ಡಬ್ಬಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಮುಳುಗಿ, ಒಬ್ಬರ ಹಿಮ್ಮಡಿಯ ಚಿತ್ರವನ್ನು ಇನ್ನೊಬ್ಬರು ತೆಗೆಯುವರು. ತಳಕ್ಕೆ ಪ್ಲಾಸ್ಟಿಕ್ ಆಮೆಯೊಂದನ್ನು ಬಿಟ್ಟು, ಅದೆಲ್ಲಿ ಬೆದರಿ ಓಡಿಹೋದೀತೋ ಎಂಬಂತೆ ಮೆಲ್ಲಗೆ ಸುತ್ತುಗಟ್ಟುವರು. ಆಮೇಲೆ ಕ್ಲಬ್‌ಹೌಸಿನಲ್ಲಿ ಬಾಗಿಲು ಹಾಕಿ, ಪರದೆ ಎಳೆದು, ಎಲ್ಲರ ಫೋನ್ ಆಫ್ ಮಾಡಿಸಿ, ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುವರು. ಹಿಮ್ಮಡಿ ಬಂದಾಗ ಯಾರಾದರೊಬ್ಬರು "ವಾಹ್, ಏನು ಡೆಪ್ತ್!" ಎಂದು ನಿಟ್ಟುಸಿರು ಬಿಡುವರು. ಕೊಳದ ನೀರು ಎದೆಮಟ್ಟದ್ದು.

ಶನಿವಾರ ಬೆಳಿಗ್ಗೆ ಮಕ್ಕಳನ್ನು ಬಿಡದೆ ಕೊಳವನ್ನು ಸಂಘಕ್ಕೇ ಕೊಡಬೇಕೆಂದು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮೇಜು ಗುದ್ದಿದವನು ಸಿದ್ದರಾಜು. ಮಕ್ಕಳು ಹೊರಗುಳಿದರು. ಅವನು ಅಧ್ಯಕ್ಷನಾದ.

ಅಷ್ಟರಲ್ಲಿ ಪಾಲಿಕೆ ಚುನಾವಣೆ ಬಂತು. ಸಿದ್ದರಾಜುವಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ, ವಾರ್ಡಿನ ಟಿಕೆಟ್ಟು. ಅದನ್ನು ಕೊಡುವವನು ಪಕ್ಷದ ಮುಖಂಡ ಲಕ್ಷ್ಮಣಪ್ಪ.

"ಊರೋರ ಓಟು ಬಿಡು," ಅಂದ ಲಕ್ಷ್ಮಣಪ್ಪ, ಬಾಯಿಯ ಎಲೆಯಡಿಕೆ ಸರಿಸಿಕೊಂಡು. "ಅಪಾರ್ಟ್‌ಮೆಂಟ್‌ನೋರು ನಿನ್ ಕಡೆ ಅವರೇನಯ್ಯಾ?"

"ನಾನು ಅವರ ಕ್ಲಬ್ ಪ್ರೆಸಿಡೆಂಟು ಅಣ್ಣಾ."

"ಏನ್ ಕ್ಲಬ್ಬು? ಇಸ್ಪೀಟಾ?"

"ನೀರೊಳಗೆ ಫೋಟೋ ತೆಗಿಯೋದು ಅಣ್ಣಾ."

ಲಕ್ಷ್ಮಣಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀರೊಳಗೆ ಏನೈತಯ್ಯಾ ಫೋಟೋ ತೆಗಿಯಾಕೆ? ಆಯ್ತು, ಶನಿವಾರ ಆ ಕಡೆ ಬತ್ತೀನಿ. ನಿನ್ನ ಮುಖ ಕಂಡ್ರೆ ಜನ ಸೇರ್ತಾರಾ ಇಲ್ವಾ, ಕಣ್ಣಾರೆ ನೋಡ್ತೀನಿ. ಆಮೇಲೆ ಟಿಕೆಟ್ಟಿನ ಮಾತು."

ಮುಖ ಕಾಣಬೇಕೆಂದರೆ ಫ್ಲೆಕ್ಸ್ ಹಾಕಬೇಕು. ಎಲ್ಲರಂತೆ ಹಾಕಿದರೆ ಅಪಾರ್ಟ್‌ಮೆಂಟಿನವರು ತಿರುಗಿಯೂ ನೋಡುವುದಿಲ್ಲ ಎಂದ ಭಾನುಪ್ರಕಾಶ್. ನೀರೊಳಗಿನ ಫೋಟೋವನ್ನೇ ಹಾಕುವುದೆಂದು ತೀರ್ಮಾನವಾಯಿತು. ಮೊದಲು ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಹಾಕಿಸಿ ತೆಗೆದರು. ಸಿದ್ದರಾಜು ಅದನ್ನು ಮನೆಗೆ ತಂದು ತೋರಿಸಿದ.

"ಇದ್ಯಾರ್ರೀ?" ಅಂದಳು ಪದ್ಮಾವತಿ.

"ನಾನೇ ಕಣೇ!"

"ಹೌದಾ? ಹೊಟ್ಟೆ ನೋಡಿ ಅಂದ್ಕೊಂಡೆ, ಎಲ್ಲೋ ನೋಡಿದೀನಿ ಅಂತ."

ಹೆಂಡತಿಗೇ ಗುರುತು ಸಿಗದ ಮುಖವನ್ನು ಬಸ್ ಸ್ಟಾಪಿನಲ್ಲಿ ನೇತುಹಾಕಿ ಏನು ಫಲ? ಮಾರನೆಯ ದಿನ ಮುಖವಾಡ ತೆಗೆದು ನೀರಿಗಿಳಿದ. ಸಂಘದ ಇಬ್ಬರು ಅವನ ಹೆಗಲನ್ನು ಅದುಮಿ ಹಿಡಿದರು. ಮತದಾರರಿಗೆ ನಮಸ್ಕಾರ ಮಾಡುವಂತಿರಲಿ ಎಂದು ಅವನು ಕೈ ಜೋಡಿಸಿದ. ಕ್ಲೋರಿನ್ ನೀರಿನಲ್ಲಿ ಕಣ್ಣು ಬಿಡಲಾಗಲಿಲ್ಲ, ಮುಚ್ಚಿಕೊಂಡ. ಮೇಲಿನಿಂದ ಬಿಸಿಲ ಕೋಲೊಂದು ಇಳಿದು ಅವನ ನೆತ್ತಿಯ ಮೇಲೆ ನಿಂತಿತು. ಉಳಿದಿದ್ದ ನಾಲ್ಕು ಕೂದಲು ಆ ಬೆಳಕಿನಲ್ಲಿ ಮೆಲ್ಲಗೆ ತೂಗಿದವು.

"ಸಕ್ಕತ್ ಸಾರ್!" ಎಂದು ಭಾನುಪ್ರಕಾಶ್ ನೀರಿನಿಂದ ಎದ್ದ. "ಏನು ಲೈಟು! ಏನು ಶಾಂತಿ ಮುಖದಲ್ಲಿ!"

ಸಿದ್ದರಾಜು ಕೆಮ್ಮುತ್ತಿದ್ದ.

ಭಾನುಪ್ರಕಾಶ್ ಕಂಪ್ಯೂಟರಿನಲ್ಲಿ ಟೈಲ್ಸ್ ಅಳಿಸಿದ, ಹೆಗಲ ಮೇಲಿನ ಕೈಗಳನ್ನು ಅಳಿಸಿದ, ಮೂಗಿನಿಂದ ಹೊರಟ ಗುಳ್ಳೆಗಳನ್ನು ಅಸಹ್ಯವೆಂದು ಅಳಿಸಿದ. ಕೊನೆಗೆ ನೀಲಿ ಬಯಲೊಂದರಲ್ಲಿ ಸಿದ್ದರಾಜು ಒಬ್ಬನೇ ಉಳಿದ.

"ಪಕ್ಕದಲ್ಲೊಂದು ಸಿಂಹ ಇರ್ಲಿ ಭಾನು. ಕೆಳಗೆ ನಮ್ ಹುಡುಗರ ಫೋಟೋ..."

"ಬೇಡ ಸಾರ್, ಕ್ಲಾಸ್ ಹೋಗತ್ತೆ. ನಿಮ್ಮ ಹೆಸರು, ಸಂಘದ ಹೆಸರು. ಅಷ್ಟೇ."

ಕ್ಲಾಸ್ ಎಂಬ ಮಾತಿಗೆ ಸಿದ್ದರಾಜು ಸೋತುಹೋದ.

ನಮ್ಮ ಕಡೆ ಫ್ಲೆಕ್ಸಿನ ಭಾಷೆ ಓದು ಬಾರದವರಿಗೂ ಗೊತ್ತು. ಬದುಕಿರುವವರು ಕಣ್ಣು ಬಿಟ್ಟಿರುತ್ತಾರೆ. ತಂಪು ಕನ್ನಡಕ ಹಾಕಿ ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಪಕ್ಕದಲ್ಲಿ ಹದ್ದೋ ಹುಲಿಯೋ, ಕೆಳಗೆ ಹಿಂಬಾಲಕರ ತಲೆಗಳ ಸಾಲು. ನೀಲಿಯಲ್ಲಿ ಒಬ್ಬರೇ ಕಣ್ಣು ಮುಚ್ಚಿ, ನೆತ್ತಿಯ ಮೇಲೆ ಬೆಳಕು ಹೊತ್ತು ನಿಂತವರು ಬದುಕಿರುವುದಿಲ್ಲ. ಊರಲ್ಲೇ ಹುಟ್ಟಿ ಬೆಳೆದ ಸಿದ್ದರಾಜುವಿಗೆ ಇದು ಹೊಳೆಯಬೇಕಿತ್ತು. ತನ್ನ ಮುಖವನ್ನು ಅಷ್ಟು ದೊಡ್ಡದಾಗಿ ಕಂಡ ಸಂತೋಷದಲ್ಲಿ ಏನೂ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಫ್ಲೆಕ್ಸ್ ಕಟ್ಟಿಸಿದರು. ಶನಿವಾರ ಬೆಳಿಗ್ಗೆ ಅವನು ಇಡ್ಲಿ ತಿಂದು, ಮುಖಂಡ ಬರಲು ಇನ್ನೂ ಹೊತ್ತಿದೆಯೆಂದು, ಚಿತ್ರ ತೋರಿಸುವ ಕಾರ್ಯಕ್ರಮಕ್ಕೆ ಹೊರಟ. ಕ್ಲಬ್‌ಹೌಸಿನ ಕತ್ತಲಲ್ಲಿ, ಫೋನ್ ಆಫ್ ಮಾಡಿ, ಗೋಡೆಯ ಮೇಲಿನ ತನ್ನನ್ನು ತಾನೇ ನೋಡುತ್ತ ಕೂತ.

ಮನೆಯಲ್ಲಿ ಪದ್ಮಾವತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದ ಬೀದಿಯ ಮುದುಕಿ ಮುನಿಯಕ್ಕ ಎದೆ ಬಡಿದುಕೊಂಡು ಹಿತ್ತಲಿಂದ ಬಂದಳು.

"ಇಂಗಾಗೋಯ್ತಲ್ಲ ನನ್ ತಾಯೀ! ನೆನ್ನೆ ಬೇಕ್ರಿ ತಾವ ಬನ್ನು ತಿಂತಿದ್ನಲ್ಲೇ!"

"ಯಾರು ಮುನಿಯಕ್ಕಾ?"

"ಇನ್ಯಾರವ್ವಾ, ನಿನ್ ಗಂಡ! ಬಸ್ ಸ್ಟಾಪಲ್ಲಿ ಆಕವ್ರಲ್ಲ!"

"ಅಯ್ಯೋ, ಅದು ನೀರಲ್ಲಿ ತೆಗ್ದಿರೋ ಫೋಟೋ. ಈಗ ತಾನೇ ತಿಂದ್ಕೊಂಡು ಹೋದ್ರು."

"ಎಲ್ಲಿಗೋದ?"

"ಆ ಈಜುಕೊಳದ ಹತ್ರ," ಎಂದಳು ಪದ್ಮಾವತಿ. ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು.

ಫೋನ್ ಮಾಡಿದಳು. ಆಫ್ ಆಗಿತ್ತು. ಮತ್ತೆ ಮಾಡಿದಳು. ಅಷ್ಟರಲ್ಲಿ ಇನ್ನೂ ನಾಲ್ಕಾರು ಹೆಂಗಸರು ಬಂದರು. ಎದ್ದು ಹೊರಟವಳನ್ನು ಅವರು ಹಿಡಿದು ಕೂರಿಸಿದರು. ಮುನಿಯಕ್ಕನ ಅಳಿಯ ಬೈಕಿನಲ್ಲಿ ಹೋಗಿ ನೋಡಿಕೊಂಡು ಬಂದ.

"ಕೊಳದ ತಾವ ಯಾರೂ ಇಲ್ಲ ಅಕ್ಕಾ. ನೀರು ಸುಮ್ಕೆ ನಿಂತೈತೆ."

ಕ್ಲಬ್‌ಹೌಸಿನ ಬಾಗಿಲು ತಟ್ಟಬೇಕೆಂದು ಅವನಿಗೆ ತೋಚಿರಲಿಲ್ಲ.

ಪದ್ಮಾವತಿ ಅಳಲಿಲ್ಲ. ಮೊರ ಅವಳ ತೊಡೆಯ ಮೇಲೇ ಇತ್ತು. ಅಕ್ಕಿಯಿಂದ ಹೆಕ್ಕಿದ ಕಲ್ಲೊಂದು ಅವಳ ಎರಡು ಬೆರಳ ನಡುವೆ ಉಳಿದಿತ್ತು; ಎಸೆಯುವುದು ಅವಳಿಗೆ ಮರೆತುಹೋಗಿತ್ತು. ಹಿತ್ತಲು ತುಂಬಿ, ಅಂಗಳ ತುಂಬಿ, ಜನ ಬೀದಿಗೆ ಚೆಲ್ಲಿದರು. "ಪದ್ದಕ್ಕನ ಗತಿ ಏನು," ಎನ್ನುವುದೇ ಎಲ್ಲರ ಬಾಯಲ್ಲೂ.

ಲಕ್ಷ್ಮಣಪ್ಪ ಹೇಳಿದಂತೆ ಬಂದ. ದಾರಿಯಲ್ಲಿ ಫ್ಲೆಕ್ಸ್ ನೋಡಿದವನು ಕಾರು ನಿಲ್ಲಿಸಿ ಹಾರ ಕೊಂಡುಕೊಂಡಿದ್ದ. ಅಷ್ಟೊಂದು ಜನ ಕಂಡಮೇಲೆ ಭಾಷಣ ಮಾಡದಿರುವುದು ಅವನಿಂದಾಗದು. "ಸಿದ್ದರಾಜು ನನ್ ತಮ್ಮ ಇದ್ದಂಗಿದ್ದ. ಈ ಮನೇನ ನಾನು ಕೈ ಬಿಡಾಕಿಲ್ಲ. ಎಲ್ರ ಮುಂದೆ ಮಾತು ಕೊಡ್ತಾ ಇದೀನಿ, ಈ ಸಲ ಟಿಕೆಟ್ಟು ನನ್ ತಂಗಿ ಪದ್ಮಾವತಿಗೇ!"

ಹೆಂಗಸರು ಅಳುತ್ತಲೇ ಚಪ್ಪಾಳೆ ತಟ್ಟಿದರು.

ಆಗ ಸಿದ್ದರಾಜು ಸ್ಕೂಟರಿನಲ್ಲಿ ಬಂದಿಳಿದ. ಜನ ಕಂಡ, ಕಾರು ಕಂಡ, ಹಾರ ಕಂಡ. ಟಿಕೆಟ್ ತನಗೆ ಸಿಕ್ಕಿತೆಂದು ತಿಳಿದು, ಗೇಟಿನಲ್ಲೇ ನಿಂತು ಎರಡೂ ಕೈ ಜೋಡಿಸಿ ನಕ್ಕ.

"ಯಪ್ಪಾ, ಎದ್ ಬಂದ್ಬುಟ್ಟ!" ಎಂದು ಮುನಿಯಕ್ಕ ಕಿರುಚಿದಳು.

ಗದ್ದಲ ಇಳಿದು, ನಡೆದದ್ದು ತಿಳಿಯುವಷ್ಟರಲ್ಲಿ ಸಿದ್ದರಾಜುವಿನ ಅಂಗಿ ಬೆವರಿಗೆ ಅಂಟಿತ್ತು. ಅವನು ಮುಖಂಡನ ಹಿಂದೆ ಹಿಂದೆ ಸುತ್ತಿದ. "ಅಣ್ಣಾ, ನಾನು ಬದುಕಿದೀನಲ್ಲ. ಇನ್ನು ಆ ಮಾತು ವಾಪಸ್ಸು..."

"ಏನಂತ ವಾಪಸ್ಸು ತಗೊಳ್ಳಲಿ?" ಲಕ್ಷ್ಮಣಪ್ಪ ದನಿ ತಗ್ಗಿಸಿದ. "ಆಗ್ಲಿಂದ ನೋಡ್ತಾ ಇದೀನಿ. ಬಂದೋರಲ್ಲಿ ಒಬ್ಬನಾದ್ರೂ ನಿನಗೋಸ್ಕರ ಅತ್ತನೇನಯ್ಯಾ? ಎಲ್ಲಾ ಅವಳಿಗೋಸ್ಕರ ಅತ್ತೋರು. ಈ ಜನ ನಿಂದಲ್ಲ."

ಸಿದ್ದರಾಜು ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ, ನಂಗೆ ಬೇಡ ಅಂತ."

ಪದ್ಮಾವತಿ ಬೆರಳ ನಡುವಿನ ಕಲ್ಲನ್ನು ಎಸೆದಳು. "ಫೋನ್ ಯಾಕ್ರೀ ಆಫ್ ಮಾಡಿದ್ರಿ?"

"ನಂದೇ ಫೋಟೋ ತೋರಿಸ್ತಾ ಇದ್ರು ಕಣೇ..."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಲಕ್ಷ್ಮಣಪ್ಪನ ಎದುರು ಹೋಗಿ ನಿಂತಳು.

"ಯಾವತ್ತು ಬರ್ಬೇಕು ಅಣ್ಣಾ, ಆಫೀಸಿಗೆ?"

"ಸೋಮವಾರ ಬಾರಮ್ಮ," ಅಂದ ಲಕ್ಷ್ಮಣಪ್ಪ. "ಬರೋವಾಗ ನಿಂದೊಂದು ಫೋಟೋ ತಗೊಂಬಾ. ಸ್ಟುಡಿಯೋದಲ್ಲಿ ತೆಗೆಸಿದ್ದು."